ಓದುಗರ ಪತ್ರದಿಂದ ಹುಟ್ಟಿದ ಕಾರು ಕ್ಲಬ್ಬು

ಪ್ರಶ್ನೆ: ನಾನು ದಾವಣಗೆರೆಯವನು. ಉದ್ಯೋಗದ ನಿಮಿತ್ತ ಆಕ್ಸ್‌ಫರ್ಡಿನ ಸಮೀಪದ ಅಬಿಂಗ್ಡನ್ ಎಂಬ ಊರಿನಲ್ಲಿ ನೆಲೆಸಿದ್ದೇನೆ. ಇಲ್ಲಿಯ ಸೆಮಿಟರಿ ರಸ್ತೆಯಲ್ಲಿ ಎಂ.ಜಿ. ಕಾರು ಕ್ಲಬ್ಬಿನ ಕಚೇರಿ ಇದೆ. ಪಕ್ಕದಲ್ಲಿಯೇ ಇದ್ದ ಎಂ.ಜಿ. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿದ್ದರೂ ಕ್ಲಬ್ಬು ಮಾತ್ರ ನಡೆದುಕೊಂಡು ಬಂದಿದೆ. ಈ ಸ್ಪೋರ್ಟ್ಸ್ ಕಾರು ಮಾಲೀಕರು ಸಂಘ ಕಟ್ಟಿಕೊಂಡದ್ದು ಹೇಗೆ?
– ಓದುಗರೊಬ್ಬರು, ಅಬಿಂಗ್ಡನ್, ಇಂಗ್ಲೆಂಡ್

ಉತ್ತರ: ಈ ಪ್ರಶ್ನೆಯನ್ನು ನೀವು ಪತ್ರಿಕೆಯ ಓದುಗರ ಅಂಕಣಕ್ಕೆ ಕಳುಹಿಸಿರುವುದು ಬಹಳ ಉಚಿತವಾಗಿದೆ, ಏಕೆಂದರೆ ಆ ಕ್ಲಬ್ಬು ಹುಟ್ಟಿದ್ದೇ ಪತ್ರಿಕೆಯೊಂದಕ್ಕೆ ಓದುಗರೊಬ್ಬರು ಬರೆದ ಪತ್ರದಿಂದ. 1930ರ ಸೆಪ್ಟೆಂಬರಿನಲ್ಲಿ ‘ದಿ ಲೈಟ್ ಕಾರ್ ಅಂಡ್ ಸೈಕಲ್‌ಕಾರ್’ ಎಂಬ ವಾರಪತ್ರಿಕೆಯಲ್ಲಿ ರಾಯ್ ಮಾರ್ಷ್ ಎಂಬವರ ಪತ್ರ ಅಚ್ಚಾಯಿತು. ಎಂ.ಜಿ. ಕಾರು ಇಟ್ಟುಕೊಂಡವರೆಲ್ಲ ಸೇರಿ ಒಂದು ಕ್ಲಬ್ಬು ಮಾಡಿಕೊಳ್ಳಬಾರದೇಕೆ ಎಂಬುದೇ ಅದರ ಸಾರ. ಪತ್ರ ಓದಿದ ಕೆಲವರು ಉತ್ತರ ಬರೆದರು. ಅದೇ ವರ್ಷದ ಅಕ್ಟೋಬರ್ 12ರ ಭಾನುವಾರ, ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹಳೆಯ ಹೆದ್ದಾರಿಯ ಮೇಲೆ, ಸ್ಟೀವನೇಜ್ ಬಳಿಯ ಬ್ರಾಡ್‌ವಾಟರಿನಲ್ಲಿದ್ದ ರೋಬಕ್ ಎಂಬ ಹೋಟೆಲಿನಲ್ಲಿ ಮೊದಲ ಸಭೆ ಸೇರಿತು. ಪತ್ರ ಅಚ್ಚಾದದ್ದಕ್ಕೂ ಸಭೆ ನಡೆದದ್ದಕ್ಕೂ ಒಂದು ತಿಂಗಳ ಆಸುಪಾಸಿನ ಅಂತರವಷ್ಟೇ ಇತ್ತು. ಮನೆಯಲ್ಲಿ ಫೋನು ಇಲ್ಲದವರೇ ಹೆಚ್ಚಾಗಿದ್ದ ಕಾಲದಲ್ಲಿ, ಅಂಚೆಯನ್ನೇ ನಂಬಿಕೊಂಡು, ಪರಸ್ಪರ ಮುಖ ಕಾಣದ ಜನರನ್ನು ಇಷ್ಟು ಬೇಗ ಒಂದೆಡೆ ಸೇರಿಸಿದ್ದು ಸಣ್ಣ ಸಂಗತಿಯಲ್ಲ.

ಆದರೆ 1930ರಲ್ಲೇ ಏಕೆ? ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಅವರಿಗೆ ಸೇರಿದ್ದ ಈ ಮಾರಾಟ ಮಳಿಗೆಯ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್, 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಅಂದವಾದ ಹೊಸ ಮೈ ತೊಡಿಸಿ, ಎಂಜಿನ್ನನ್ನು ಚುರುಕುಗೊಳಿಸಿ ಮಾರತೊಡಗಿದ್ದರು. 1929ರಲ್ಲಿ ಈ ಉದ್ಯಮ ಅಬಿಂಗ್ಡನ್ನಿನ ಹಳೆಯ ಚರ್ಮದ ಕಾರ್ಖಾನೆಯೊಂದರ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಯವರೆಗೂ ಸ್ಪೋರ್ಟ್ಸ್ ಕಾರು ಎಂದರೆ ಸಿರಿವಂತರ ಮನೆಯ ಹುಡುಗರ ಆಟಿಕೆ ಎಂದೇ ಲೆಕ್ಕ. ಎಂ.ಜಿ.ಯದೇ ದೊಡ್ಡ ಕಾರಿಗೆ 500 ಪೌಂಡಿಗೂ ಹೆಚ್ಚು ಬೆಲೆಯಿತ್ತು. 1928ರಲ್ಲಿ ಲಂಡನ್ನಿನ ಒಲಿಂಪಿಯಾ ಕಾರು ಪ್ರದರ್ಶನದಲ್ಲಿ ಕಿಂಬರ್ ಅವರು ತೋರಿಸಿದ ಎಂ-ಟೈಪ್ ಮಿಜೆಟ್ ಎಂಬ ಪುಟ್ಟ ಕಾರು ಈ ಲೆಕ್ಕವನ್ನು ಬದಲಿಸಿತು. ಅದರ ಬೆಲೆ 175 ಪೌಂಡು. ಅಂದಿನ ಇಂಗ್ಲೆಂಡಿನಲ್ಲಿ ಎಂಜಿನ್ನಿನ ಪ್ರತಿ ‘ಹಾರ್ಸ್‌ಪವರ್’ಗೆ ವರ್ಷಕ್ಕೆ ಒಂದು ಪೌಂಡಿನಂತೆ ತೆರಿಗೆ ಇದ್ದುದರಿಂದ, ಎಂಟು ಹಾರ್ಸ್‌ಪವರ್ ವರ್ಗದ ಈ ಕಾರಿಗೆ ಎಂಟು ಪೌಂಡು ಕಟ್ಟಿದರೆ ಸಾಕಾಗಿತ್ತು. ಬ್ಯಾಂಕಿನ ಗುಮಾಸ್ತರೂ ಕಿರಿಯ ವಕೀಲರೂ ಕಷ್ಟಪಟ್ಟರೆ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅದು. 1932ರವರೆಗೆ ಅಂತಹ ಮೂರು ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು. ಕ್ಲಬ್ಬು ಕಟ್ಟಲು ಬೇಕಾದ ಜನ ಹುಟ್ಟಿಕೊಂಡದ್ದು ಹೀಗೆ. ಹಣವಂತರಿಗೆ ಸೇರಿಕೊಳ್ಳಲು ಹಳೆಯ ಕ್ಲಬ್ಬುಗಳು ಮೊದಲೇ ಇದ್ದವು. ಇವರಿಗೆ ತಮ್ಮದೇ ಆದ ಒಂದು ಕ್ಲಬ್ಬು ಬೇಕಾಗಿತ್ತು.

ಆ ಕಾರನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಕ್ಲಬ್ಬಿನ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮರದ ಚೌಕಟ್ಟಿಗೆ ಪ್ಲೈವುಡ್ ಹೊಡೆದು, ಅದರ ಮೇಲೆ ಬಟ್ಟೆ ಎಳೆದು ಕಟ್ಟಿದ ಮೈ, ದೋಣಿಯಂತೆ ಚೂಪಾದ ಬಾಲ, ಭುಜಕ್ಕೆ ಭುಜ ತಾಗುವ ಎರಡೇ ಸೀಟು, ಮೂರೇ ಗೇರು, 847 ಸಿ.ಸಿ. ಎಂಜಿನ್ನು. ಕವಾಟಗಳನ್ನು ಆಡಿಸುವ ಕ್ಯಾಮ್‌ಶಾಫ್ಟು ಎಂಜಿನ್ನಿನ ನೆತ್ತಿಯ ಮೇಲಿದ್ದು, ಅದಕ್ಕೆ ಚಾಲನೆ ಸಿಗುತ್ತಿದ್ದುದು ಮುಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿದ ಡೈನಮೋದ ಮೂಲಕ. ಡೈನಮೋದ ನಡುವಿನ ದಂಡವೇ ಕೆಳಗಿನ ತಿರುಗುವಿಕೆಯನ್ನು ಮೇಲಕ್ಕೆ ಒಯ್ಯುತ್ತಿತ್ತು. ಜಾಣ ಉಪಾಯವೇನೋ ಸರಿ, ಆದರೆ ಮೇಲಿನ ಎಣ್ಣೆ ಸೀಲು ದಾಟಿ ನೇರವಾಗಿ ಡೈನಮೋದೊಳಕ್ಕೆ ಇಳಿದರೆ ಬ್ಯಾಟರಿ ಚಾರ್ಜು ಆಗುವುದು ನಿಲ್ಲುತ್ತಿತ್ತು. ಇಂತಹ ತೊಂದರೆಗೆ ಪರಿಹಾರ ಪಕ್ಕದ ಬೀದಿಯ ಮೆಕ್ಯಾನಿಕ್ಕಿಗೆ ಗೊತ್ತಿರುವುದಿಲ್ಲ, ಅದೇ ಕಾರು ಇಟ್ಟುಕೊಂಡು ಅದೇ ಪಾಡು ಪಟ್ಟ ಇನ್ನೊಬ್ಬನಿಗೆ ಗೊತ್ತಿರುತ್ತದೆ. ಕಾರು ಮಾಲೀಕರ ಸಂಘಗಳ ಚರಿತ್ರೆ ಬರೆಯುವವರು ಓಟದ ಸ್ಪರ್ಧೆಗಳ ಬಗ್ಗೆ ಪುಟಗಟ್ಟಲೆ ಬರೆದು, ಎಣ್ಣೆ ಸೋರಿಕೆಯ ಬಗ್ಗೆ ಮೌನ ವಹಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಸ್ಪರ್ಧೆಯ ಆಸೆಯೂ ಇತ್ತೆನ್ನುವುದು ನಿಜ. 1930ರ ಮೇ ತಿಂಗಳಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಡೆದ ‘ಡಬಲ್ ಟ್ವೆಲ್ವ್’ ಎಂಬ ಸ್ಪರ್ಧೆಯಲ್ಲಿ ಈ ಪುಟ್ಟ ಮಿಜೆಟ್‌ಗಳು ತಂಡದ ಬಹುಮಾನ ಗೆದ್ದಿದ್ದವು. ರಾತ್ರಿಯ ಸದ್ದಿಗೆ ಅಕ್ಕಪಕ್ಕದ ನಿವಾಸಿಗಳ ವಿರೋಧವಿದ್ದುದರಿಂದ 24 ಗಂಟೆಗಳ ಓಟವನ್ನು ಹನ್ನೆರಡು ಗಂಟೆಗಳ ಎರಡು ಹಗಲುಗಳಾಗಿ ಒಡೆದದ್ದರಿಂದ ಆ ಹೆಸರು ಬಂದಿತ್ತು. ಇಂಗ್ಲೆಂಡಿನ ಸಾರ್ವಜನಿಕ ರಸ್ತೆಗಳಲ್ಲಿ ಓಟ ನಡೆಸಲು ಅವಕಾಶವಿರಲಿಲ್ಲ. 1903ರ ಕಾಯ್ದೆ ತಂದಿದ್ದ ಗಂಟೆಗೆ 20 ಮೈಲಿಯ ಮಿತಿಯು ಕಾರುಗಳ ಪಾಲಿಗೆ ರದ್ದಾದದ್ದೇ 1930ರ ರಸ್ತೆ ಸಂಚಾರ ಕಾಯ್ದೆಯಿಂದ. ಆದ್ದರಿಂದ ಸಾಮಾನ್ಯ ಸದಸ್ಯರು ನೆಚ್ಚಿಕೊಂಡದ್ದು ‘ಟ್ರಯಲ್’ ಎಂಬ ಬೇರೆಯದೇ ಆಟವನ್ನು. ಹಳ್ಳಿಗಾಡಿನ ಕೆಸರು ದಿಬ್ಬವನ್ನು ಎಲ್ಲಿಯೂ ನಿಲ್ಲದೆ ಹತ್ತಬೇಕು, ಚಕ್ರ ನಿಂತಿತೆಂದರೆ ಅಂಕ ಹೋಯಿತು. ಪಕ್ಕದಲ್ಲಿ ಕುಳಿತವರು ಹಿಂದಿನ ಚಕ್ರಕ್ಕೆ ಹಿಡಿತ ಸಿಗಲೆಂದು ಸೀಟಿನ ಮೇಲೆ ಕುಪ್ಪಳಿಸುವುದೂ ಆಟದ ಭಾಗವೇ ಆಗಿತ್ತು. ವೇಗಕ್ಕಿಂತ ಕೈಚಳಕಕ್ಕೆ ಬೆಲೆ ಕೊಡುವ ಈ ಆಟಕ್ಕೆ ಬೇಕಾದದ್ದು ಒಂದು ದಿಬ್ಬ, ಒಂದು ಮಳೆಗಾಲ ಮತ್ತು ಅಂಕ ಬರೆದುಕೊಳ್ಳಲು ನಾಲ್ಕು ಜನ, ಅಂದರೆ ಒಂದು ಕ್ಲಬ್ಬು.

ಇನ್ನು ಕ್ಲಬ್ಬನ್ನು ನಿಜವಾಗಿ ನಿಲ್ಲಿಸಿದವರ ವಿಚಾರ. ಗೌರವ ಕಾರ್ಯದರ್ಶಿಯ ಹೊಣೆ ಬಹುಬೇಗ ಜಾನ್ ಥಾರ್ನ್ಲಿ ಎಂಬ ತರುಣನ ಹೆಗಲೇರಿತು. ಆಗ ಆತನ ವಯಸ್ಸು 21. ಲಂಡನ್ನಿನ ಲೆಕ್ಕ ತಪಾಸಣೆಯ ಸಂಸ್ಥೆಯೊಂದರಲ್ಲಿ ತರಬೇತಿಯಲ್ಲಿದ್ದ ಈತನ ಬಳಿಯೂ ಒಂದು ಎಂ-ಟೈಪ್ ಇತ್ತು. ಸಂಘಕ್ಕೆ ಇದಕ್ಕಿಂತ ಒಳ್ಳೆಯ ಯೋಗ ಇರಲಾರದು: ಕಾರಿನ ಹುಚ್ಚು ಎಲ್ಲ ಸದಸ್ಯರಿಗೂ ಇರುತ್ತದೆ, ಬಂದ ಪತ್ರಕ್ಕೆ ಉತ್ತರ ಬರೆದು, ಚಂದಾ ಹಣಕ್ಕೆ ಲೆಕ್ಕ ಇಟ್ಟು, ಮುಂದಿನ ಸಭೆಯ ದಿನವನ್ನು ಎಲ್ಲರಿಗೂ ತಿಳಿಸುವ ಅಭ್ಯಾಸ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ಕ್ಲಬ್ಬಿನ ಕೆಲಸದ ನೆಪದಲ್ಲಿ ಕಾರ್ಖಾನೆಯ ನಂಟು ಬೆಳೆಸಿಕೊಂಡ ಥಾರ್ನ್ಲಿ 1931ರಲ್ಲಿ ಲೆಕ್ಕಪತ್ರದ ವೃತ್ತಿಯನ್ನು ಬಿಟ್ಟು ಎಂ.ಜಿ. ಕಂಪನಿಯನ್ನೇ ಸೇರಿದರು. 1952ರಲ್ಲಿ ಅದರ ಜನರಲ್ ಮ್ಯಾನೇಜರ್ ಆಗಿ, 1969ರಲ್ಲಿ ನಿವೃತ್ತರಾದರು. ಕಂಪನಿಯವರು ಕ್ಲಬ್ಬು ಕಟ್ಟಿದ ಕಥೆಗಳು ಬೇಕಾದಷ್ಟಿವೆ. ಇಲ್ಲಿ ಕ್ಲಬ್ಬೇ ಕಂಪನಿಗೆ ಮುಂದಿನ ಮುಖ್ಯಸ್ಥನನ್ನು ಕೊಟ್ಟಿತು.

ಪ್ರಶ್ನೆ: ಅದೇ ಅಬಿಂಗ್ಡನ್ ಕ್ಲಬ್ಬಿನ ಬಗ್ಗೆ ನಾನೂ ಕೇಳಿದ್ದೇನೆ. ಆದರೆ ಇಂತಹ ಮಾಲೀಕರ ಸಂಘಗಳೆಲ್ಲ ಕೊನೆಗೆ ಕಂಪನಿಯ ಪುಕ್ಕಟೆ ಪ್ರಚಾರ ವಿಭಾಗಗಳೇ ಅಲ್ಲವೇ?
– ನಿವೃತ್ತ ಅಧ್ಯಾಪಕಿಯೊಬ್ಬರು, ಮೈಸೂರು

ಉತ್ತರ: ಮೇಡಂ, ನಿಮ್ಮ ಅನುಮಾನದಲ್ಲಿ ಹುರುಳಿದೆ. ಕ್ಲಬ್ಬಿನ ಆಡಳಿತ ದೀರ್ಘಕಾಲ ಕಾರ್ಖಾನೆಯ ಆಶ್ರಯದಲ್ಲಿಯೇ ನಡೆಯಿತು. ‘ಸೇಫ್ಟಿ ಫಾಸ್ಟ್’ ಎಂಬುದು ಕಂಪನಿಯ ಜಾಹೀರಾತಿನ ಘೋಷವಾಕ್ಯ, 1959ರಲ್ಲಿ ಆರಂಭವಾದ ಪತ್ರಿಕೆಗೂ ಅದೇ ಹೆಸರು, ಇಂದಿಗೂ ಕ್ಲಬ್ಬಿನ ಪತ್ರಿಕೆ ಅದೇ ಹೆಸರಿನಲ್ಲಿದೆ. ಭಾನುವಾರ ಸದಸ್ಯರು ಕೆಸರಿನಲ್ಲಿ ಗೆದ್ದರೆ ಸೋಮವಾರ ಮಳಿಗೆಯಲ್ಲಿ ಕಾರು ಮಾರಾಟವಾಗುತ್ತದೆ ಎಂಬುದು ಕಿಂಬರ್ ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. 1925ರ ಲ್ಯಾಂಡ್ಸ್ ಎಂಡ್ ಟ್ರಯಲ್‌ನಲ್ಲಿ ಅವರೇ ಸ್ವತಃ ಕಾರು ಓಡಿಸಿ ಚಿನ್ನದ ಪದಕ ಪಡೆದವರು.

ಆದರೆ ಪ್ರಚಾರ ವಿಭಾಗವಾಗಿದ್ದರೆ ಕಂಪನಿ ಕೈ ಬಿಟ್ಟ ದಿನವೇ ಅದು ಕಣ್ಣು ಮುಚ್ಚಬೇಕಾಗಿತ್ತು. 1968ರಲ್ಲಿ ಎಂ.ಜಿ.ಯು ಬ್ರಿಟಿಷ್ ಲೇಲ್ಯಾಂಡ್ ಎಂಬ ಬೃಹತ್ ಕಂಪನಿಯ ಒಡಲು ಸೇರಿತು. ಹೊಸ ಯಜಮಾನರಿಗೆ ಇಂತಹ ಕ್ಲಬ್ಬುಗಳು ದಂಡದ ಖರ್ಚಾಗಿ ಕಂಡವು, ನೆರವು ನಿಂತಿತು. ಕ್ಲಬ್ಬು ಸದಸ್ಯರ ಚಂದಾ ಹಣದ ಮೇಲೆಯೇ ಬದುಕುವುದನ್ನು ಕಲಿಯಿತು. 1973ರಲ್ಲಿ ಎಂ.ಜಿ. ಓನರ್ಸ್ ಕ್ಲಬ್ ಎಂಬ ಇನ್ನೊಂದು ಸಂಘವೂ ಕೇಂಬ್ರಿಜ್ ಸೀಮೆಯಲ್ಲಿ ಹುಟ್ಟಿಕೊಂಡಿತು. ಒಂದೇ ಕಾರಿಗೆ ಎರಡು ಸಂಘಗಳು ಎಂದರೆ ನಮ್ಮ ಊರುಗಳ ಗಣೇಶೋತ್ಸವ ಸಮಿತಿಗಳನ್ನು ಬಲ್ಲವರಿಗೆ ಅಚ್ಚರಿಯಾಗಲಾರದು. ಇನ್ನು 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ ಪಟ್ಟಣ ಎಂ.ಜಿ.ಯ 50 ವರ್ಷಗಳ ಸಂಭ್ರಮವನ್ನು ವಾರಾಂತ್ಯದಲ್ಲಿ ಆಚರಿಸಿ ಮುಗಿಸಿತ್ತಷ್ಟೆ, ಮರುದಿನ, 10ನೆಯ ತಾರೀಖಿನ ಸೋಮವಾರ, ಕಾರ್ಖಾನೆಯನ್ನು ಮುಚ್ಚುವ ಯೋಜನೆಯನ್ನು ಕಂಪನಿ ಪ್ರಕಟಿಸಿತು. ಮಾಲೀಕರು ತಮ್ಮ ಕಾರುಗಳಲ್ಲಿಯೇ ಪ್ರತಿಭಟನೆಗೆ ಇಳಿದರು. ಕಂಪನಿಯ ಪ್ರಚಾರ ವಿಭಾಗ ಕಂಪನಿಯ ವಿರುದ್ಧವೇ ಬೀದಿಗಿಳಿಯುವುದನ್ನು ನಾನಂತೂ ಕೇಳಿಲ್ಲ. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂದು ಕಾರ್ಖಾನೆಯ ಬಾಗಿಲು ಮುಚ್ಚಿತು. ಅದಾದ ಹತ್ತು ವರ್ಷಗಳಿಗೆ ಕ್ಲಬ್ಬು ಅದೇ ಜಾಗದ ಮಗ್ಗುಲಿನಲ್ಲಿ ಮನೆಯೊಂದನ್ನು ಕಚೇರಿ ಮಾಡಿಕೊಂಡು ಅದಕ್ಕೆ ಕಿಂಬರ್ ಹೌಸ್ ಎಂದು ಹೆಸರಿಟ್ಟಿತು. ಅಬಿಂಗ್ಡನ್ನಿನ ಓದುಗರು ನೋಡಿದ ಕಚೇರಿ ಅದೇ.

ಕ್ಲಬ್ಬು ಮಾಡುವ ಕೆಲಸದಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಭಾಗವೊಂದಿದೆ. ಒಂದೊಂದು ಕಾಲದ ಕಾರುಗಳಿಗೆ ಒಂದೊಂದು ‘ರಿಜಿಸ್ಟರ್’ ಇದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಿಜೆಟ್, ಮ್ಯಾಗ್ನಾ, ಮ್ಯಾಗ್ನೆಟ್ ಎಂಬ ಮೂರು ಬಗೆಯ ಕಾರುಗಳಿಗೆ 1961ರಲ್ಲಿ ‘ಟ್ರಿಪಲ್-ಎಂ’ ರಿಜಿಸ್ಟರ್ ಆರಂಭವಾಯಿತು. ಯಾವ ಚಾಸಿ ನಂಬರಿನ ಕಾರು ಈಗ ಎಲ್ಲಿದೆ, ಎಂಜಿನ್ನು ಮೂಲದ್ದೋ ಬದಲಾಯಿಸಿದ್ದೋ, ಯಾವ ಸ್ಪರ್ಧೆಯಲ್ಲಿ ಓಡಿತ್ತು ಎಂಬುದನ್ನೆಲ್ಲ ಸ್ವಯಂಸೇವಕರು ದಾಖಲಿಸುತ್ತಾರೆ. ಈ ನಂಬರುಗಳಲ್ಲೊಂದು ಸ್ವಾರಸ್ಯವೂ ಇದೆ. ಹಳೆಯ ಎಂ.ಜಿ. ಮಾದರಿಗಳ ಚಾಸಿ ನಂಬರು ಒಂದರಿಂದಲ್ಲ, 0251ರಿಂದ ಆರಂಭವಾಗುತ್ತದೆ, ಏಕೆಂದರೆ ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ಸಂಖ್ಯೆ 251 ಆಗಿತ್ತು. ತೊಂಬತ್ತು ವರ್ಷದ ಕಾರಿನ ಚೌಕಟ್ಟಿನ ಮೇಲಿನ ತುಕ್ಕು ಒರೆಸಿ ಆ ಅಂಕಿಯನ್ನು ಓದುವವರಿಗೆ ಆಗುವ ಆನಂದ, ಅಧ್ಯಾಪಕರಾಗಿದ್ದ ನಿಮಗೆ, ಹಳೆಯ ಶಾಸನ ಓದುವವರ ಆನಂದವನ್ನು ನೆನಪಿಗೆ ತರಬಹುದು.

ಪ್ರಶ್ನೆ: ನಮ್ಮ ದೇಶದಲ್ಲಿ ಈಗ ಮಾರಾಟವಾಗುತ್ತಿರುವ ಎಂ.ಜಿ. ಕಾರುಗಳಿಗೂ ಆ ಹಳೆಯ ಕಂಪನಿಗೂ ಸಂಬಂಧವಿದೆಯೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಹೆಸರು ಮತ್ತು ಎಂಟು ಮೂಲೆಯ ಲಾಂಛನ ಅದೇ, ಒಡೆತನ ಬೇರೆ. ಈ ಹೆಸರು ಹಲವು ಕೈ ದಾಟಿ ಚೀನಾದ ಎಸ್‌.ಎ.ಐ.ಸಿ. ಕಂಪನಿಯನ್ನು ಸೇರಿತು. ಭಾರತದಲ್ಲಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಹೆಕ್ಟರ್ 2019ರಲ್ಲಿ ಮಾರುಕಟ್ಟೆಗೆ ಬಂದದ್ದರೊಂದಿಗೆ ನಮ್ಮ ಜನರಿಗೆ ಹೆಸರು ಪರಿಚಯವಾಯಿತು.

ಪ್ರಶ್ನೆ: ನಾವು ಚಿಕ್ಕಮಗಳೂರಿನ ಎಂಟು ಜನ ಗೆಳೆಯರು. ಕೆಲವರ ಬಳಿ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಿವೆ, ಇಬ್ಬರ ಬಳಿ ಅಜ್ಜನ ಕಾಲದ ಹಳೆಯ ಕಾರುಗಳಿವೆ. ಒಂದು ಕ್ಲಬ್ಬು ಮಾಡಬೇಕೆಂದಿದ್ದೇವೆ. ಬೇರೆ ಕಡೆಯ ಕ್ಲಬ್ಬುಗಳ ಚರಿತ್ರೆಯಿಂದ ನಾವು ಗಮನಿಸಬೇಕಾದದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೊದಲು ರಸ್ತೆಯ ವಿಷಯ. ಘಾಟಿ ರಸ್ತೆಯ ಪಕ್ಕದಲ್ಲಿಯೇ ಇರುವ ನಿಮಗೆ ಬೆಳಗಿನ ಜಾವ ಒಬ್ಬರ ಹಿಂದೊಬ್ಬರು ಓಡಿಸಿ ಸಮಯ ನೋಡಿಕೊಳ್ಳುವ ಆಸೆ ಬಾರದಿರದು. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟ ಅಥವಾ ವೇಗ ಪರೀಕ್ಷೆ ನಡೆಸುವುದು ಅಪರಾಧ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಮೆರಿಕದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. 1944ರಲ್ಲಿ ಬಾಸ್ಟನ್ನಿನಲ್ಲಿ ಬೆರಳೆಣಿಕೆಯ ಉತ್ಸಾಹಿಗಳು ಸೇರಿ ಅಮೆರಿಕದ ಸ್ಪೋರ್ಟ್ಸ್ ಕಾರು ಕ್ಲಬ್ಬನ್ನು ಕಟ್ಟಿದರು. ಅದರ ಸದಸ್ಯರಲ್ಲೊಬ್ಬರಾದ ಕ್ಯಾಮರಾನ್ ಆರ್ಗೆಟ್‌ಸಿಂಗರ್ ಎಂಬ ಕಾನೂನು ವಿದ್ಯಾರ್ಥಿ, ತಮ್ಮ ಎಂ.ಜಿ. ಟಿ.ಸಿ. ಕಾರನ್ನು ಓಡಿಸುವುದಕ್ಕೆ ಒಂದು ಸ್ಪರ್ಧೆ ಬೇಕೆಂದು, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಹಳ್ಳಿಯ ಹಿರಿಯರನ್ನು ಒಪ್ಪಿಸಿ, 1948ರ ಅಕ್ಟೋಬರಿನಲ್ಲಿ ಊರಿನ ಬೀದಿಗಳಲ್ಲೇ ಓಟ ನಡೆಸಿದರು. ಓಟದ ದಾರಿಗೆ ರೈಲು ಹಳಿ ಅಡ್ಡ ಬರುತ್ತಿದ್ದುದರಿಂದ ರೈಲುಗಳನ್ನೇ ತಡೆಹಿಡಿಯಲಾಗಿತ್ತು. ಅನುಮತಿ, ಉತ್ಸಾಹ, ಜನಸಾಗರ ಎಲ್ಲವೂ ಇತ್ತು. 1952ರಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ಹರಿದು ಒಬ್ಬ ಬಾಲಕ ಸತ್ತ ಮೇಲೆ ಓಟವು ಊರಿನ ಬೀದಿಯಿಂದ ಹೊರಗೆ ಹೋಯಿತು. ಒಪ್ಪಿಗೆ ಪಡೆದು ನಡೆಸಿದ ಓಟದ ಕಥೆಯೇ ಹೀಗಿರುವಾಗ ಒಪ್ಪಿಗೆಯಿಲ್ಲದ ಓಟದ ಮಾತನ್ನು ಆಡುವುದು ಬೇಡ. ವೇಗ ಬೇಕೆನಿಸಿದವರು ಪರವಾನಗಿ ಪಡೆದು ರೇಸ್ ಟ್ರ್ಯಾಕಿಗೆ ಹೋಗಲಿ.

ಅಜ್ಜನ ಕಾಲದ ಕಾರುಗಳಿಗೆ 50 ವರ್ಷ ತುಂಬಿದ್ದು, ಮೂಲ ಸ್ವರೂಪ ಹೆಚ್ಚು ಬದಲಾಗದೆ ಇದ್ದರೆ, 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಅವುಗಳನ್ನು ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರ್ ಪ್ಲೇಟಿನಲ್ಲಿ ‘ವಿ.ಎ.’ ಎಂಬ ಅಕ್ಷರಗಳು ಬರುತ್ತವೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನವೂ ಸಂತೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂತಹ ಕಾರಣಗಳಿಗಷ್ಟೇ ಹೊರಗೆ ತರಬೇಕು ಎಂಬುದನ್ನು ಆ ಇಬ್ಬರು ಮೊದಲೇ ಯೋಚಿಸಿಕೊಳ್ಳಲಿ.

ಸಂಘದ ನೋಂದಣಿಗೆ ನಿಮ್ಮಲ್ಲಿ ಎಂಟು ಜನರಿರುವುದು ಅನುಕೂಲವಾಗಿದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಆದರೆ ನೋಂದಣಿಗೆ ಅವಸರ ಬೇಡ. ಮೊದಲು ನಾಲ್ಕೈದು ತಿಂಗಳು, ತಿಂಗಳಿಗೊಂದು ಭಾನುವಾರ, ನಿಗದಿಯಾದ ಒಂದೇ ಹೋಟೆಲಿನಲ್ಲಿ ತಿಂಡಿಗೆ ಸೇರಿ ನೋಡಿ. ಮಳೆ ಬಂದ ಭಾನುವಾರವೂ ಐದು ಜನ ಬಂದರೆ ಕ್ಲಬ್ಬು ಹುಟ್ಟಿದೆ ಎಂದೇ ತಿಳಿಯಿರಿ. ಬೈಲಾ ಬರೆಯುವಾಗ ಯಾವ ಕಂಪನಿಯ ಕಾರು ಇದ್ದವರಿಗೆ ಸದಸ್ಯತ್ವ, ಕಾರು ಮಾರಿದವರ ಸದಸ್ಯತ್ವ ಉಳಿಯುತ್ತದೆಯೇ ಎಂಬ ಎರಡು ಮಾತುಗಳನ್ನು ತಪ್ಪದೆ ಸೇರಿಸಿ. ಮನಸ್ತಾಪಗಳು ಹೊಗೆಯಾಡುವುದು ಸಾಮಾನ್ಯವಾಗಿ ಇಲ್ಲಿಂದಲೇ. ಕಾರು ಮಾರಿದವರನ್ನು ಹೊರಗೆ ಹಾಕಬಾರದೆಂಬುದು ನನ್ನ ಅಭಿಪ್ರಾಯ, ಎಷ್ಟೋ ಸಲ ಹೆಚ್ಚು ತಿಳಿದವರು ಅವರೇ ಆಗಿರುತ್ತಾರೆ.

ಇನ್ನು ಕಾರ್ಯದರ್ಶಿಯ ಆಯ್ಕೆ. ಇಲ್ಲಿ ನನ್ನದೇ ಅನುಭವವೊಂದನ್ನು ಹೇಳಬೇಕಾಗಿದೆ. ಹಿಂದೆ ನಮ್ಮ ಊರಿನಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ಒಂದು ಗುಂಪು ಕಟ್ಟಿದ್ದೆವು. ಅತ್ಯಂತ ಅಂದವಾದ ಗಾಡಿ ಯಾರ ಬಳಿ ಇತ್ತೋ ಅವರನ್ನೇ ಕಾರ್ಯದರ್ಶಿ ಮಾಡಿದೆವು. ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು, ತಿಂಗಳು ಮುಗಿದ ಕೂಡಲೇ ಮನೆಯವರು ಆ ಹಾಳೆಯನ್ನು ಹರಿದು ಹಾಕುತ್ತಿದ್ದರು. ಗುಂಪಿನ ಹೆಸರಿದ್ದ 22 ಟೀ-ಶರ್ಟುಗಳಿಗೆಂದು ಎಲ್ಲರಿಂದ ಹಣ ಎತ್ತಿ ಮುಂಗಡ ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ, ಮುಂಗಡ ಪಡೆದವರು ಅಂಗಡಿ ಖಾಲಿ ಮಾಡಿಕೊಂಡು ಹೋದರು, ಟೀ-ಶರ್ಟು ಬರಲಿಲ್ಲ. ಮೊತ್ತ ದೊಡ್ಡದೇನೂ ಆಗಿರಲಿಲ್ಲ. ಆದರೂ ಮುಂದಿನ ಸವಾರಿಗೆ ಆರು ಜನ ಬಂದರು, ಅದರ ಮುಂದಿನದಕ್ಕೆ ಇಬ್ಬರು, ಆ ಇಬ್ಬರಲ್ಲಿ ನಾನೊಬ್ಬ.

ಆದ್ದರಿಂದ ನಿಮ್ಮ ಎಂಟು ಜನರಲ್ಲಿ ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ ಕೆಲಸ ಮಾಡುವವರಿದ್ದರೆ, ಅವರ ಕಾರು ಎಲ್ಲರದಕ್ಕಿಂತ ಸಾಧಾರಣವಾಗಿದ್ದರೂ ಚಿಂತೆಯಿಲ್ಲ, ಅವರನ್ನು ಕಾರ್ಯದರ್ಶಿ ಮಾಡಿ. ಒಂದು ನಡಾವಳಿ ಪುಸ್ತಕ, ಒಂದು ರಸೀದಿ ಪುಸ್ತಕ, ಸಂಘದ ಹೆಸರಿನಲ್ಲಿ ಇಬ್ಬರ ಸಹಿಯಿಂದ ನಡೆಯುವ ಒಂದು ಖಾತೆ ಇಷ್ಟನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಿ. ಟೀ-ಶರ್ಟಿನ ವಿಚಾರವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು.